ಎಸೆತದ ಸರ್ ಮತ್ತು ಗಾಳಿಯಲ್ಲಿದ್ದ ಸಾಮಾನುಗಳು

ಎಸೆಯುವವರ ಜೊತೆ ಬದುಕುವವರಿಗೆ ಒಂದು ವಿಷಯ ಗೊತ್ತಿರಬೇಕು. ದಿನಕ್ಕೊಂದು ಸಾಮಾನು ಗಾಳಿಗೆ ಹೋಗ್ತದೆ, ಹೋದದ್ದು ಎಲ್ಲಿಯಾದರೂ ಬೀಳ್ತದೆ, ಬಿದ್ದಲ್ಲಿ ಯಾರಾದರೂ ಇದ್ದೇ ಇರ್ತಾರೆ. ಹಾಗಾಗಿ ನಮ್ಮಲ್ಲಿ ನಗುವಿಗೆ ಯಾವತ್ತೂ ಬರಗಾಲ ಬಂದದ್ದಿಲ್ಲ.

ನಾನು ಮೂಡುಬಿದಿರೆಯ ಒಂದು ಪಿ.ಯು. ಕಾಲೇಜಿನಲ್ಲಿ ಹ್ಯಾಮರ್ ಎಸೆಯುವವನು. ಹ್ಯಾಮರ್ ಅಂದರೆ ಸುತ್ತಿಗೆ ಅಲ್ಲ. ಕಬ್ಬಿಣದ ಗುಂಡಿಗೆ ಸರಿಗೆ, ಸರಿಗೆಯ ತುದಿಗೆ ಹಿಡಿ. ಹಿಡಿಯನ್ನು ಹಿಡಿದು ಗಿರಗಿರ ತಿರುಗಿ ಬಿಟ್ಟುಬಿಡುವುದು. ಮೊದಲ ಪಿ.ಯು.ಸಿ.ಯಲ್ಲಿ ಇದು ನನ್ನ ಎರಡನೇ ವರ್ಷ. ಪಾಠ ಮಾಡುವವರಿಗೆ ನಾನು ಬೇಡ, ನನಗೆ ಪಾಠ ಬೇಡ. ಇಬ್ಬರ ನಡುವೆ ನನ್ನನ್ನು ಹಾಸ್ಟೆಲಿನಲ್ಲಿ ಉಳಿಸಿಕೊಂಡವರು ನಮ್ಮ ಎಸೆತದ ಕೋಚ್ ಸರ್. ಎಸೆಯುವವರಿಗೆ ಹಾಸ್ಟೆಲು ಫ್ರೀ, ದಿನಕ್ಕೆ ಎರಡು ಮೊಟ್ಟೆ ಫ್ರೀ, ಬೈಗುಳ ಲೆಕ್ಕಕ್ಕೇ ಇಲ್ಲ.

ಸರ್ ಸಾಧಾರಣ ಜನ ಅಲ್ಲ. ಅವರ ಹುಡುಗರು ರಾಜ್ಯ ಕೂಟದಿಂದ ಖಾಲಿ ಕೈಯಲ್ಲಿ ಬಂದ ವರ್ಷವೇ ಇಲ್ಲ. ಅವರ ಕೋಣೆಯ ಗೋಡೆಯಲ್ಲಿ ಪದಕದವರ ಫೋಟೋ ಎಷ್ಟು ಉಂಟೆಂದರೆ, ಕ್ಯಾಲೆಂಡರಿಗೆ ಬಾಗಿಲಿನ ಹಿಂಭಾಗ ಮಾತ್ರ ಉಳಿದಿದೆ. ತಾರೀಕು ನೋಡಬೇಕಾದರೆ ಬಾಗಿಲು ಹಾಕಿಕೊಳ್ಳಬೇಕು.

೧. ಬೆಕ್ಕಿನ ಹಾಜರಿ

ಹ್ಯಾಮರ್ ಕೈತಪ್ಪಿದರೆ ಯಾರ ಮಂಡೆಗೂ ಬೀಳಬಹುದು. ಅದಕ್ಕೆ ಎಸೆಯುವ ಜಾಗದ ಸುತ್ತ ಬಲೆಯ ಪಂಜರ ಇರಬೇಕು. ಆಫೀಸಿಗೆ ಸರ್ ಅರ್ಜಿ ಕೊಟ್ಟರು. "ಮುಂದಿನ ವರ್ಷ ನೋಡುವ" ಅಂದರು. ಮುಂದಿನ ವರ್ಷ ಸಹ "ಮುಂದಿನ ವರ್ಷ ನೋಡುವ" ಅಂದರು. ಮೂರನೇ ವರ್ಷ ಸರ್ ಯಾರನ್ನೂ ಕೇಳಲಿಲ್ಲ. ಕಾಲೇಜಿನ ಟೆಂಪೋದಲ್ಲಿ ಮಂಗಳೂರಿನ ದಕ್ಕೆಗೆ ಹೋಗಿ, ಬೋಟಿನವರು ಬಿಸಾಡಿದ ಮೀನಿನ ಬಲೆ ತುಂಬಿಸಿಕೊಂಡು ಬಂದರು. ನಾಲ್ಕು ಕಂಬ ನೆಟ್ಟು ಕಟ್ಟಿದೆವು. ಗಟ್ಟಿ ಅಂದರೆ ಗಟ್ಟಿ.

ವಾಸನೆ ಅದಕ್ಕಿಂತ ಗಟ್ಟಿ. ಮರುದಿನ ಬೆಳಿಗ್ಗೆ ಆರು ಗಂಟೆಗೆ ನಾವು ಹೋಗುವಾಗ ಮೂಡುಬಿದಿರೆಯ ಅರ್ಧ ಬೆಕ್ಕುಗಳು ಬಲೆಯ ಬುಡದಲ್ಲಿ ಸಾಲಾಗಿ ಕೂತಿದ್ದವು. ಓಡಿಸಿದರೆ ಹೋಗುವುದಿಲ್ಲ. ನಾವು ತಿರುಗಿದರೆ ಅವು ಕತ್ತು ತಿರುಗಿಸಿ ನೋಡ್ತವೆ. ಒಂದು ವಾರದಲ್ಲಿ ಅವಕ್ಕೆ ನಮಗಿಂತ ಟೆಕ್ನಿಕ್ ಗೊತ್ತಾಗಿತ್ತು.

ಒಂದು ದಿನ ಮಳೆ ಹನಿಯುತ್ತಿತ್ತು. ನಾವು ಹಾಸ್ಟೆಲಿನಲ್ಲಿ ಹೊದ್ದುಕೊಂಡು ಮಲಗಿ ಅರ್ಧ ಗಂಟೆ ತಡವಾಗಿ ಹೋದೆವು. ಸರ್ ಹಾಜರಿ ಪುಸ್ತಕ ಹಿಡಿದು ನಿಂತಿದ್ದರು.

"ಹನ್ನೊಂದು ಹುಡುಗರಲ್ಲಿ ಸಮಯಕ್ಕೆ ಬಂದವರು ಎಷ್ಟು?"

ನಾವು ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದೆವು.

"ಸೊನ್ನೆ. ಬೆಕ್ಕು ಎಷ್ಟು?"

"ಏಳು ಸರ್."

"ಇವತ್ತಿನ ಮೊಟ್ಟೆ ಅವಕ್ಕೆ ಕೊಡಿ."

ತಮಾಷೆ ಅಂತ ಎಣಿಸಿದೆವು. ಸರ್ ತಮಾಷೆ ಮಾಡುವವರಲ್ಲ. ಹನ್ನೊಂದು ಜನ ಸಾಲಾಗಿ ನಿಂತು ಬೆಕ್ಕುಗಳಿಗೆ ಮೊಟ್ಟೆ ಸುಲಿದು ಕೊಟ್ಟೆವು. ಅದರಲ್ಲಿ ಒಂದು ಬೆಕ್ಕು ಹಳದಿ ಭಾಗ ಬೇಡ ಅಂತ ಮುಖ ತಿರುಗಿಸಿತು, ಥೇಟ್ ನಮ್ಮ ಶಾಟ್‌ಪುಟ್ ಕ್ಯಾಪ್ಟನ್ನಿನ ಹಾಗೆ.

೨. ಗೂಢಚಾರ

ಪದಕ ಬರ್ತಾ ಹೋದ ಹಾಗೆ ಬೇರೆ ಕಾಲೇಜಿನ ಕೋಚುಗಳಿಗೆ ನಿದ್ದೆ ಹೋಯಿತು. ಉಜಿರೆ ಕಡೆಯಿಂದ ಒಬ್ಬರು "ಹೀಗೇ ಈ ದಾರಿಯಲ್ಲಿ ಬಂದೆ" ಅಂತ ಹೇಳಿ ಬೇಲಿಯ ಹತ್ತಿರ ನಿಂತು ಒಂದು ಗಂಟೆ ನೋಡಿದರು. ಸರ್ ಆಚೆ ಜಾವೆಲಿನ್‌ನವರಿಗೆ ಬೈಯುವುದರಲ್ಲಿ ಇದ್ದರು. ಉಜಿರೆಯ ಕೋಚ್ ಮೆಲ್ಲ ನನ್ನ ಹತ್ತಿರ ಬಂದು ಕೇಳಿದರು, "ಈ ಬೆಕ್ಕುಗಳು ಎಂತಕ್ಕೆ ಮಾರಾಯ?"

ಇಂಥ ಪ್ರಶ್ನೆಗೆ ನಿಜ ಹೇಳುವವನು ನಾನಲ್ಲ.

"ಬ್ಯಾಲೆನ್ಸಿಗೆ ಸರ್. ತಿರುಗುವಾಗ ಬೆಕ್ಕಿನ ಕಣ್ಣು ನೋಡಿ ತಿರುಗಬೇಕು. ಅದು ಕಣ್ಣು ಪಿಳುಕಿಸುವುದಿಲ್ಲ ಅಲ್ಲವಾ, ಹಾಗಾಗಿ ತಲೆ ಸುತ್ತುವುದಿಲ್ಲ."

ಅವರು ನಗಲಿಲ್ಲ. ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಬರೆದುಕೊಂಡರು.

ಮುಂದಿನ ತಿಂಗಳು ಅವರ ಮೈದಾನಕ್ಕೆ ಹೋಗಿ ಬಂದವನೊಬ್ಬ ಹೇಳಿದ, ಅಲ್ಲಿ ಮೂರು ಬೆಕ್ಕುಗಳನ್ನು ಹಗ್ಗದಲ್ಲಿ ಕಟ್ಟಿ ಕೂರಿಸಿದ್ದಾರಂತೆ, ಎಸೆಯುವ ಹುಡುಗರ ಕೈ ಮೈಯೆಲ್ಲ ಪರಚಿದ ಗಾಯವಂತೆ.

೩. ಜಾವೆಲಿನ್ ಹತ್ತಿದ ಬಸ್ಸು

ಬೆಳ್ತಂಗಡಿಯಲ್ಲಿ ಒಂದು ಕೂಟ. ಅವತ್ತೇ ನಮ್ಮ ಟೆಂಪೋ ಕೈಕೊಟ್ಟಿತು. ಸರ್, ನಾವು ಆರು ಜನ, ನಾಲ್ಕು ಜಾವೆಲಿನ್. ಒಂದೊಂದು ಜಾವೆಲಿನ್ ಸಹ ಇಬ್ಬರು ಮಕ್ಕಳನ್ನು ತಲೆಗೆ ಕಾಲು ತಾಗಿಸಿ ಮಲಗಿಸಿದಷ್ಟು ಉದ್ದ. ಪ್ರೈವೇಟ್ ಬಸ್ಸು ಬಂತು, ಒಳಗೆ ಸಾಸಿವೆ ಹಾಕಲಿಕ್ಕೆ ಜಾಗ ಇಲ್ಲ.

ಕಂಡಕ್ಟರ್ ಬಾಗಿಲಲ್ಲಿ ಅಡ್ಡ ನಿಂತ. "ಇದೆಂತ ಸರ್?"

"ಜಾವೆಲಿನ್."

"ಅಂದರೆ?"

"ಎಸೆಯುವುದು."

"ಹಾಗಾದರೆ ಇಲ್ಲಿಯೇ ಎಸೆದುಬಿಡಿ, ನೀವು ಮಾತ್ರ ಹತ್ತಿ."

ಸರ್ ಅವನನ್ನು ಒಂದು ನೋಟ ನೋಡಿದರು. ಅವರ ಭುಜ ಬಸ್ಸಿನ ಬಾಗಿಲಿಗಿಂತ ಅಗಲ. ಕಂಡಕ್ಟರ್ ಪಕ್ಕಕ್ಕೆ ಸರಿದ.

ನೆಲದಲ್ಲಿ ಇಟ್ಟರೆ ಜನ ಮೆಟ್ಟುತ್ತಾರೆ, ಮೇಲೆ ಇಟ್ಟರೆ ಟಾರ್ಪಾಲು ತೂತಾಗ್ತದೆ. ಕೊನೆಗೆ ತುದಿಗೆ ಬಟ್ಟೆ ಸುತ್ತಿ, ಮುಂದೆ ಮೂವರು, ಹಿಂದೆ ಮೂವರು ನಿಂತು, ತಲೆಯ ಮಟ್ಟದಲ್ಲಿ ಎತ್ತಿ ಹಿಡಿದೆವು. ವೇಣೂರು ದಾಟುವಾಗ ತಿರುವಿನಲ್ಲಿ ಬಸ್ಸು ವಾಲಿತು. ನಿಂತವರೆಲ್ಲ ಗಪ್ಪಂತ ಜಾವೆಲಿನ್ ಹಿಡಿದುಕೊಂಡರು. ಹಿಡಿದವರು ಬಿಡಲೇ ಇಲ್ಲ. ಒಬ್ಬರು ಅಮ್ಮ ತನ್ನ ಬಸಳೆಯ ಕಟ್ಟನ್ನು ಅದಕ್ಕೇ ನೇತುಹಾಕಿದರು. ಇನ್ನೊಬ್ಬರು ಮಗುವಿನ ತೊಟ್ಟಿಲ ಬಟ್ಟೆ ಕಟ್ಟುವ ಅಂದಾಜಿನಲ್ಲಿದ್ದರು, ಅಷ್ಟರಲ್ಲಿ ಗುರುವಾಯನಕೆರೆ ಬಂತು. ನಮ್ಮ ಆರು ಜನರ ತೋಳು ಕೂಟಕ್ಕೆ ಮೊದಲೇ ಮುಗಿದಿತ್ತು.

ಬೆಳ್ತಂಗಡಿಯಲ್ಲಿ ಇಳಿಯಲಿಕ್ಕೆ ಹೊರಟರೆ ಬಸಳೆ ಅಮ್ಮನಿಗೆ ಸಿಟ್ಟು. "ಇದನ್ನು ತೆಗೆದುಕೊಂಡು ಹೋದರೆ ನಾವು ಎಂತ ಹಿಡಿಯುವುದು?"

ಅಷ್ಟು ಹೊತ್ತು ಮುಖ ಊದಿಸಿಕೊಂಡಿದ್ದ ಕಂಡಕ್ಟರ್ ಕೆಳಗಿಳಿದು ಬಂದು ಸರ್ ಹತ್ತಿರ ಮೆಲ್ಲ ಹೇಳಿದ, "ನಾಳೆ ಸಹ ಇದೇ ಬಸ್ಸಿಗೆ ಬನ್ನಿ ಸರ್. ನಮ್ಮ ಬಸ್ಸಿನ ಮೇಲಿನ ಕಂಬಿ ಮುರಿದು ಎರಡು ತಿಂಗಳಾಯಿತು."

೪. ಚಕ್ಕೋತದ ಗುಂಡು

ಇದು ನಾನು ಮಾಡಿದ್ದು. ಒಪ್ಪಿಕೊಳ್ತೇನೆ.

ಕಲ್ಲಡ್ಕದ ನನ್ನ ರೂಮ್‌ಮೇಟ್ ಶಾಟ್‌ಪುಟ್ ಎಸೆಯುವವನು. ಅವನ ಮಾವ ದುಬೈಯಿಂದ ತಂದುಕೊಟ್ಟ ಬೂಟು ಹಾಕಿದ ದಿನದಿಂದ ಅವನ ಕಾಲು ನೆಲ ಮುಟ್ಟುತ್ತಿರಲಿಲ್ಲ. ಇವನಿಗೆ ಬುದ್ಧಿ ಕಲಿಸುವ ಅಂತ ಒಂದು ಹಸಿ ಚಕ್ಕೋತ ಹಣ್ಣಿಗೆ ಕಪ್ಪು ಪೈಂಟ್ ಹೊಡೆದು ಕಬ್ಬಿಣದ ಗುಂಡುಗಳ ಸಾಲಿನಲ್ಲಿಟ್ಟೆ. ಹೊಳೆಯುತ್ತಿತ್ತು ನೋಡಿ, ನಿಜವಾದ ಗುಂಡುಗಳಿಗೇ ನಾಚಿಕೆಯಾಗಬೇಕು.

ಆದರೆ ಅವತ್ತು ಕಾಲೇಜಿನ ಕ್ರೀಡಾದಿನ ಅಂತ ನನಗೆ ಮರೆತುಹೋಗಿತ್ತು. ಮುಖ್ಯ ಅತಿಥಿಯಾಗಿ ಬಂದವರು ಎಪ್ಪತ್ತು ದಾಟಿದ ಒಬ್ಬರು ಧಣಿಗಳು. ಸಣಕಲು ಜೀವ. "ಒಂದು ಗುಂಡು ಎಸೆದು ಉದ್ಘಾಟಿಸಬೇಕು" ಅಂತ ಮೈಕಿನಲ್ಲಿ ಅವರನ್ನು ಕೇಳಿಕೊಂಡರು. ಧಣಿಗಳು ಸಾಲಿನ ಹತ್ತಿರ ಹೋಗಿ, ಎಲ್ಲಕ್ಕಿಂತ ಚಂದದ್ದು ಯಾವುದೋ ಅದನ್ನೇ ಎತ್ತಿಕೊಂಡರು.

ನನ್ನ ಚಕ್ಕೋತ! ಧಣಿಗಳು ಕತ್ತಿನ ಹತ್ತಿರ ಇಟ್ಟು ಒಂದು ತಳ್ಳು ತಳ್ಳಿದರು. ಅದು ಹೋಯಿತು, ಹೋಯಿತು, ನಮ್ಮ ಕ್ಯಾಪ್ಟನ್ನಿನ ಗುರುತನ್ನು ದಾಟಿ ಹೋಯಿತು. ಮೈದಾನ ತುಂಬ ಚಪ್ಪಾಳೆಯೋ ಚಪ್ಪಾಳೆ. ಸರ್‌ಗೆ ಮಾತ್ರ ಅದು ಬಿದ್ದ ಸದ್ದಿನಲ್ಲೇ ಗೊತ್ತಾಯಿತು. ಓಡಿಹೋಗಿ ಒಡೆದ ಹಣ್ಣಿನ ಮೇಲೆ ತನ್ನ ಟವೆಲ್ ಹಾಕಿ, "ಈ ಗುಂಡನ್ನು ಇನ್ನು ಯಾರೂ ಮುಟ್ಟಬಾರದು, ನೆನಪಿಗೆ ಇಡ್ತೇವೆ" ಅಂದರು.

ಧಣಿಗಳ ಕಣ್ಣಲ್ಲಿ ನೀರು. "ನೆನಪು ನನಗೆ ಬೇಕು. ಮನೆಯ ಶೋಕೇಸಿನಲ್ಲಿ ಇಡ್ತೇನೆ."

ಬೇರೆ ದಾರಿ ಇರಲಿಲ್ಲ. ಸರ್ ಒಂದು ಅಸಲಿ ಗುಂಡನ್ನು ಕಾಗದದಲ್ಲಿ ಸುತ್ತಿ ಅವರ ಅಳಿಯನ ಕೈಗೆ ಕೊಟ್ಟರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಅಳಿಯ ಒಮ್ಮೆಲೇ ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಅದನ್ನು ಹೊತ್ತು ಏದುಸಿರು ಬಿಡುತ್ತಾ ಕಾರಿನ ಕಡೆ ಹೋದ.

ಧಣಿಗಳು ಅವನನ್ನು ನೋಡಿ ಸರ್‌ಗೆ ಹೇಳಿದರು, "ಈಗಿನ ಹುಡುಗರಲ್ಲಿ ಶಕ್ತಿಯೇ ಇಲ್ಲ ಮಾರ್ರೆ."

೫. ಮೂರು ಸುತ್ತು, ನಾಲ್ಕು ಸುತ್ತು

ಗುಂಡು ಒಂದು ಕಡಿಮೆಯಾದದ್ದಕ್ಕೆ ಆಫೀಸಿನಲ್ಲಿ ವಿಚಾರಣೆ ನಡೆಯಿತು. ನನ್ನ ಹೆಸರು ಬಂತು. ಪರೀಕ್ಷೆಯಲ್ಲಿ ಫೇಲು, ಮೇಲಿಂದ ಇದು. ಹುಡುಗನನ್ನು ಮನೆಗೆ ಕಳಿಸಿ ಅಂದರು. ಸರ್ ಒಂದೇ ಮಾತು ಕೇಳಿದರಂತೆ: "ಜಿಲ್ಲಾ ಕೂಟದವರೆಗೆ ಬಿಡಿ. ಮೊದಲ ಮೂರರಲ್ಲಿ ಬಂದರೆ ಇರಲಿ, ಬಾರದಿದ್ದರೆ ಅಲ್ಲಿಂದಲೇ ಮನೆಗೆ."

ಮನೆ ಅಂದರೆ ಮಾಣಿ. ಅಲ್ಲಿ ಅಪ್ಪನದ್ದು ಟಯರ್ ಪಂಕ್ಚರ್ ಅಂಗಡಿ. ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿ ಹೇಳಿದರೆ ಅಪ್ಪ ಬೈಯಲೇ ಇಲ್ಲ. "ಸರಿ. ತಿರುಗಿಸುವುದೇ ನಿನಗೆ ಇಷ್ಟ ಅಲ್ಲವಾ, ಇಲ್ಲಿ ಲಾರಿ ಟಯರ್ ಉಂಟು" ಅಂದರು.

ಜಿಲ್ಲಾ ಕೂಟ ಬಂಟ್ವಾಳದಲ್ಲಿ. ಅಪ್ಪ ಸ್ಕೂಟರಿನಲ್ಲಿ ಬಂದಿದ್ದರು. ಹಿಂದಿನ ಸೀಟಿಗೆ ಹಗ್ಗ ಸುತ್ತಿದ್ದರು, ನನ್ನ ಟ್ರಂಕು ಕಟ್ಟಲಿಕ್ಕೆ.

ಇಲ್ಲಿ ನಮ್ಮ ಒಂದು ಗುಟ್ಟು ಹೇಳಬೇಕು. ಕೂಟದಲ್ಲಿ ಕೋಚುಗಳು ಮೈದಾನದೊಳಗೆ ಬರುವ ಹಾಗಿಲ್ಲ. ಗ್ಯಾಲರಿ ಆಚೆ ತುದಿಯಲ್ಲಿ, ಅಲ್ಲಿಂದ ಕೂಗಿದರೆ ಕೇಳುವುದಿಲ್ಲ, ಮುಖ ಸಹ ಕಾಣುವುದಿಲ್ಲ. ಅದಕ್ಕೆ ಸರ್ ಒಂದು ಕೆಂಪು ಕೊಡೆ ಇಟ್ಟಿದ್ದರು. ಕೊಡೆ ಬಿಚ್ಚಿದ್ದರೆ ಮೂರೇ ಸುತ್ತು, ಜಾಗ್ರತೆಯಲ್ಲಿ ಎಸೆ. ಮುಚ್ಚಿದ್ದರೆ ನಾಲ್ಕು ಸುತ್ತು, ಪ್ರಾಣ ಹೋಗುವ ಹಾಗೆ ಎಸೆ. ಎರಡು ವರ್ಷದಿಂದ ನಾನು ಆ ಕೊಡೆಯನ್ನು ದೇವರ ಹಾಗೆ ನಂಬಿ ಎಸೆದವನು.

ಮೊದಲ ಎಸೆತಕ್ಕೆ ಕೊಡೆ ಮುಚ್ಚಿತ್ತು. ನಾಲ್ಕು ಸುತ್ತು ತಿರುಗಿದೆ, ವೃತ್ತದಿಂದ ಹೊರಗೆ ಬಿದ್ದೆ. ಫೌಲ್. ಎರಡನೆಯದಕ್ಕೆ ಕೊಡೆ ಬಿಚ್ಚಿತ್ತು. ಮೂರೇ ಸುತ್ತು, ಜಾಗ್ರತೆಯಲ್ಲೇ ಬಿಟ್ಟೆ. ಹ್ಯಾಮರ್ ಗೆರೆಯ ಹೊರಗೆ ಹೋಗಿ ಅಧಿಕಾರಿಗಳು ಚಾ ಕುಡಿಯುವ ಶಾಮಿಯಾನದ ಹತ್ತಿರ ಬಿತ್ತು. ಬನ್ನು ತಿನ್ನುತ್ತಿದ್ದ ಒಬ್ಬರು ಬನ್ನು ಬಿಟ್ಟು ಓಡಿದರು. ಅದೂ ಫೌಲ್.

ಇನ್ನು ಒಂದೇ ಉಂಟು. ಇದೂ ಹೋದರೆ ಲೆಕ್ಕಕ್ಕೆ ಒಂದು ಎಸೆತವೂ ಇಲ್ಲ, ಹಗ್ಗ ಸ್ಕೂಟರಿನಲ್ಲಿ ಸಿದ್ಧ ಉಂಟು. ಕೈ ಒರೆಸಿಕೊಂಡು ಗ್ಯಾಲರಿ ನೋಡಿದೆ. ಕೊಡೆ ಮುಚ್ಚಿತ್ತು. ಸರಿ, ನಾಲ್ಕು. ಹಿಡಿ ಹಿಡಿಯುವಾಗ ಬಿಚ್ಚಿತು. ಓಹೋ, ಮೂರು. ಬಗ್ಗುವಾಗ ಮುಚ್ಚಿತು. ಪುನಃ ಬಿಚ್ಚಿತು, ಮುಚ್ಚಿತು, ಬಿಚ್ಚಿತು, ಕೋಳಿ ರೆಕ್ಕೆ ಬಡಿದ ಹಾಗೆ ಪಟಪಟ. ಇದು ನಮ್ಮ ಯಾವ ಪಾಠದಲ್ಲೂ ಇರಲಿಲ್ಲ. ಆದರೆ ನನಗೆ ಅರ್ಥವಾಯಿತು. ಸರ್ ಹೇಳ್ತಿದ್ದಾರೆ: ಲೆಕ್ಕ ಬಿಡು, ಹುಚ್ಚನ ಹಾಗೆ ಎಸೆ.

ಎಷ್ಟು ಸುತ್ತು ತಿರುಗಿದೆನೋ ದೇವರಿಗೇ ಗೊತ್ತು. ಬಿಟ್ಟಾಗ ಕಣ್ಣು ಮುಚ್ಚಿತ್ತು. ತೆರೆದಾಗ ಫೌಲ್ ಅಲ್ಲ ಅಂತ ಬಿಳಿ ಬಾವುಟ ಮೇಲಿತ್ತು, ಅಳತೆಯವರು ಟೇಪು ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದರು. ಹ್ಯಾಮರ್ ಎಸೆತ ಪೂರ್ತಿ ಮುಗಿದಾಗ ನಾನು ಎರಡನೇ ಸ್ಥಾನ. ರಾಜ್ಯಕ್ಕೆ ಆಯ್ಕೆ.

ಗ್ಯಾಲರಿಗೆ ಓಡಿದೆ, ಸರ್ ಕಾಲು ಹಿಡಿಯಬೇಕು ಅಂತ. ಕೆಂಪು ಕೊಡೆಯ ಜೊತೆ ಕೂತಿದ್ದವನು ನಮ್ಮ ಟೆಂಪೋ ಡ್ರೈವರ್. ಮಡಿಲಲ್ಲಿ ಕೊಡೆ ಇಟ್ಟು ಕುಸ್ತಿ ಮಾಡುತ್ತಿದ್ದ.

"ಅಣ್ಣ, ಸರ್ ಎಲ್ಲಿ?"

"ಹಿಂದೆ ಇದ್ದಾರೆ. ಇದರ ಸ್ಪ್ರಿಂಗು ಹೋಗಿದೆ ಮಾರಾಯ, ಮುಚ್ಚಿದರೆ ತನ್ನಷ್ಟಕ್ಕೆ ಬಿಚ್ಚುತ್ತದೆ. ಆಗಿನಿಂದ ಇದೇ ಉಪದ್ರ."

ಗ್ಯಾಲರಿಯ ಹಿಂದೆ ಹೋದೆ. ರಾಜ್ಯಕ್ಕೇ ಹೆಸರಾದ ನಮ್ಮ ಸರ್ ಕಾಂಪೌಂಡ್ ಗೋಡೆಗೆ ಮುಖ ಮಾಡಿ, ಎರಡೂ ಕಿವಿಗೆ ಬೆರಳು ಹಾಕಿ ನಿಂತಿದ್ದರು. ಅವರ ಪಕ್ಕದಲ್ಲಿ ಅದೇ ರೀತಿ ನನ್ನ ಅಪ್ಪ.

ಭುಜ ಮುಟ್ಟಿದೆ. ಸರ್ ತಿರುಗಲಿಲ್ಲ, ಒಂದು ಕಿವಿಯ ಬೆರಳು ಮಾತ್ರ ತೆಗೆದರು. ಗೋಡೆಯನ್ನೇ ಕೇಳಿದರು, "ಎಷ್ಟನೇ ಸ್ಥಾನ?"

"ಎರಡು ಸರ್."

ಅಪ್ಪ ಸಹ ಬೆರಳು ತೆಗೆದು ಕೇಳಿಸಿಕೊಂಡರು. ಮೂಗು ಒರೆಸಿಕೊಂಡು, ಸ್ಕೂಟರಿನ ಹಗ್ಗ ಬಿಚ್ಚಲಿಕ್ಕೆ ಹೋದರು.

"ಸರ್, ನೀವು ನೋಡಲೇ ಇಲ್ಲವಾ?"

"ಯಾವತ್ತೂ ನೋಡುವುದಿಲ್ಲ ಮಾರಾಯ. ನನ್ನ ಮಕ್ಕಳು ಎಸೆಯುವಾಗ ನನ್ನಿಂದ ನೋಡ್ಲಿಕ್ಕೆ ಆಗುವುದಿಲ್ಲ. ಎದೆ ಹೊಡೆದುಕೊಳ್ತದೆ."

"ಹಾಗಾದರೆ ಎರಡು ವರ್ಷದಿಂದ ಕೊಡೆ ಹಿಡಿದದ್ದು?"

"ಡ್ರೈವರ್."

ನನಗೆ ನಿಂತಲ್ಲೇ ತಲೆ ಸುತ್ತಿತು. "ಅವನಿಗೆ ಯಾವಾಗ ಬಿಚ್ಚಬೇಕು, ಯಾವಾಗ ಮುಚ್ಚಬೇಕು ಅಂತ ನೀವು ಹೇಳಿಕೊಟ್ಟಿದ್ದೀರಲ್ಲ?"

"ಹೇಳದೆ ಇರ್ತೇನಾ?" ಅಂದರು ಸರ್, ಇನ್ನೊಂದು ಕಿವಿಯ ಬೆರಳನ್ನೂ ತೆಗೆದು. "ಬಿಸಿಲು ಬಂದರೆ ಬಿಚ್ಚು, ಹೋದರೆ ಮುಚ್ಚು ಅಂತ ಸರಿಯಾಗಿ ಹೇಳಿದ್ದೇನೆ."