ಎಡಕ್ಕೆ ಮಾತ್ರ ತಿರುಗುವ ಸೈಕಲ್ಲು

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೆ ಕಿವಿ ಕೆಂಪಗಾಗುತ್ತದೆ, ಮಾತು ತೊದಲುತ್ತದೆ, ಎದುರಿಗಿದ್ದವರು "ಯಾಕ್ರೀ, ಹುಷಾರಿಲ್ವಾ?" ಎಂದು ಕೇಳುತ್ತಾರೆ. ಆದರೆ ಬೇರೆಯವರು ತಾವಾಗಿಯೇ ನನ್ನ ಬಗ್ಗೆ ಏನಾದರೂ ದೊಡ್ಡದಾಗಿ ತಪ್ಪು ತಿಳಿದುಕೊಂಡರೆ, ಅದನ್ನು ತಿದ್ದದೆ ಸುಮ್ಮನಿರುವ ವಿದ್ಯೆ ಮಾತ್ರ ಚೆನ್ನಾಗಿ ಒಲಿದಿದೆ. ದಿನವಿಡೀ ಕೂತು ಇತರರ ತಪ್ಪು ತಿದ್ದುವುದೇ ನನ್ನ ಕೆಲಸ. ಸ್ವಂತಕ್ಕೆ ಇಷ್ಟು ವಿನಾಯಿತಿ ಬೇಡವೇ? ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಸೈಕಲ್ಲಿನಿಂದ ಏಳು ಸಲ ಬಿದ್ದದ್ದು ಈ ವಿದ್ಯೆಯ ದೆಸೆಯಿಂದ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಬೆಂಗಳೂರಿನ ಕುಕ್ ಟೌನಿನ ಒಂದು ಹಳೆಯ ಬಂಗಲೆಯ ಮುಂದಿನ ಮೂರು ಕೋಣೆಗಳಲ್ಲಿ ನಮ್ಮ ಆಫೀಸು. ಇಂಗ್ಲೆಂಡಿನ ಪ್ರಕಾಶಕರು ಕಳಿಸುವ ಪುಸ್ತಕಗಳಿಗೆ ಇಲ್ಲಿ ಪುಟ ಕಟ್ಟಿ, ಪ್ರೂಫ್ ನೋಡಿ ವಾಪಸು ಕಳಿಸುತ್ತಿದ್ದೆವು. ಆ ವರ್ಷ ನನ್ನ ಮೇಜಿಗೆ ಬಂದದ್ದು ಉತ್ತರ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ಹೊಡೆಯುವವರಿಗಾಗಿ ಬರೆದ ಕೈಪಿಡಿ. ಇಪ್ಪತ್ತು ದಾರಿಗಳು, ಒಂದೊಂದಕ್ಕೂ ಒಂದು ನಕ್ಷೆ. ನಕ್ಷೆಗೂ ಬರಹಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು ನನ್ನ ಪಾಲು. ಇಗರ್ಜಿಯ ಹತ್ತಿರ ಎಡಕ್ಕೆ, ಪಾಪ್ಲರ್ ಮರಗಳ ಸಾಲು ಮುಗಿದ ಮೇಲೆ ಬಲಕ್ಕೆ, ಕಾಲುವೆಯ ಪಕ್ಕದಲ್ಲಿ ನಾಲ್ಕು ಕಿಲೋಮೀಟರ್ ನೇರಕ್ಕೆ, ಬೀಟ್‌ರೂಟ್ ಹೊಲಗಳ ನಡುವೆ ಎದುರುಗಾಳಿ, ಕಲ್ಲುಹಾಸಿನ ರಸ್ತೆ ಬಂದರೆ ಹಲ್ಲು ಜೋಪಾನ. ಮೂರು ತಿಂಗಳು ನಾನು ಆ ದಾರಿಗಳಲ್ಲೇ ಬದುಕಿದೆ. ಬಸ್ಸಿನಲ್ಲಿ ಲಿಂಗರಾಜಪುರದ ಮನೆಗೆ ಹೋಗುವಾಗ ಕಿಟಕಿಯಾಚೆ ಬೀಟ್‌ರೂಟ್ ಹೊಲ ಕಾಣುತ್ತಿತ್ತು. ನಮ್ಮ ಮಾವನವರು ಕೊನೆಯ ಸಲ ರಾಗಿ ಬಿತ್ತಿದ ಹೊಲದಲ್ಲಿ ಆಗ ನಾಲ್ಕಂತಸ್ತಿನ ಕಟ್ಟಡ ಏಳುತ್ತಿತ್ತು, ಅದು ಬೇರೆ ಮಾತು.

ಒಂಬತ್ತನೆಯ ದಾರಿಯಲ್ಲಿ ಒಂದು ತಪ್ಪು ಸಿಕ್ಕಿತು. ಹೆಸ್ಡಿನ್ ಎಂಬ ಊರಿನಿಂದ ಪಶ್ಚಿಮಕ್ಕೆ ಹೋಗುವಾಗ ನದಿ ನಿಮ್ಮ ಬಲಕ್ಕೆ ಹರಿಯುತ್ತದೆ ಎಂದು ಬರೆದಿತ್ತು. ನಕ್ಷೆಯನ್ನು ತಿರುಗಿಸಿ, ನಾನೇ ಆ ರಸ್ತೆಯಲ್ಲಿ ಹೊರಟವಳಂತೆ ಕುರ್ಚಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕೂತು ನೋಡಿದೆ. ನದಿ ಎಡಕ್ಕೇ ಇತ್ತು. ಲೇಖಕರಿಗೆ ಬರೆದೆ. ಅದರ ಜೊತೆಗೆ ಇನ್ನೊಂದನ್ನೂ ಬರೆದೆ. ಹದಿನಾಲ್ಕನೆಯ ದಾರಿಯಲ್ಲಿ, ಮೊದಲ ಮಹಾಯುದ್ಧದಲ್ಲಿ ಆ ಕಡೆ ಸತ್ತ ಭಾರತದ ಸೈನಿಕರ ಸ್ಮಾರಕವೊಂದು ಬರುತ್ತದೆ. ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲು, ಪಕ್ಕದೂರಿನ ಆಲೂಗಡ್ಡೆ ಕರಿಯುವ ಅಂಗಡಿಗೆ ಆರು ಸಾಲು. ಹಲಸೂರಿನಲ್ಲಿ ಹುಟ್ಟಿ, ಅಲ್ಲಿನ ಸೇನಾ ನೆಲೆಯ ಸಿಪಾಯಿಗಳು ಸಾಲಾಗಿ ಓಡುವುದನ್ನು ದಿನಾ ನೋಡುತ್ತ ಬೆಳೆದವಳು ನಾನು. "ಆ ಸ್ಮಾರಕದ ಹತ್ತಿರ ಸೈಕಲ್ ಸವಾರ ಒಂದು ನಿಮಿಷ ನಿಲ್ಲುವಷ್ಟಾದರೂ ಬರೆಯಬಹುದಲ್ಲವೇ?" ಎಂದು ಕೇಳಿದೆ.

ಲೇಖಕರು ಹಾರ್ಟ್ಲಿ ಎಂಬ ನಿವೃತ್ತ ಮೇಷ್ಟರು. ಹದಿನೈದು ದಿನ ಬಿಟ್ಟು ಉತ್ತರ ಬಂತು. ನದಿಯನ್ನು ಎಡಕ್ಕೆ ಸರಿಸಿದ್ದರು. ಸ್ಮಾರಕಕ್ಕೆ ಮತ್ತೊಮ್ಮೆ ಹೋಗಿ, ಒಳಗೆ ಕೂತು, ಗೋಡೆಯ ಮೇಲಿನ ಹೆಸರುಗಳನ್ನು ಓದಿ, ಅರ್ಧ ಪುಟ ಬರೆದು ಕಳಿಸಿದ್ದರು. ಕೊನೆಗೆ, "ನೀವು ಪಳಗಿದ ಸೈಕಲ್ ಸವಾರರೇ ಇರಬೇಕು. ಸೀಟಿನ ಮೇಲೆ ಕೂತವರಿಗಲ್ಲದೆ ಇಂಥ ಪ್ರಶ್ನೆಗಳು ಹೊಳೆಯುವುದಿಲ್ಲ" ಎಂದಿದ್ದರು. ನಾನು ಜನ್ಮದಲ್ಲಿ ಸೈಕಲ್ ಮುಟ್ಟಿದವಳಲ್ಲ. ನಮ್ಮ ಮನೆಯಲ್ಲಿ ಸೈಕಲ್ಲು ಅಣ್ಣನದು, ಅದನ್ನು ಒರೆಸುವುದು ನನ್ನದು. ಆದರೂ, "ಧನ್ಯವಾದಗಳು, ಹದಿನಾಲ್ಕನೆಯ ದಾರಿಯ ಎರಡನೆಯ ಪ್ರೂಫ್ ಲಗತ್ತಿಸಿದೆ" ಎಂದಷ್ಟೇ ಬರೆದೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ತೋರಿಸಿ.

ತಿಂಗಳೊಪ್ಪತ್ತಿನಲ್ಲಿ ನಮ್ಮ ಯಜಮಾನರಾದ ಜೋಸೆಫ್ ಸಾರ್ ನಗುನಗುತ್ತ ನನ್ನ ಮೇಜಿನ ಹತ್ತಿರ ಬಂದರು. "ರತ್ನಮ್ಮಾ, ಗುಡ್ ನ್ಯೂಸ್. ಹಾರ್ಟ್ಲಿ ಸಾಹೇಬ್ರು ಕೇರಳಕ್ಕೆ ಬರ್ತಿದ್ದಾರಂತೆ. ಎರಡು ದಿನ ಬೆಂಗಳೂರಲ್ಲಿ ಇರ್ತಾರೆ. ಶನಿವಾರ ಬೆಳಿಗ್ಗೆ ನಿಮ್ ಜೊತೆ ಸೈಕಲ್ ರೈಡ್ ಹೋಗ್ಬೇಕಂತೆ."

"ಸಾರ್, ನನಗೆ..."

"ಗೊತ್ತು, ಶನಿವಾರ ನಿಮಗೆ ರಜ. ಆದ್ರೆ ಇಲ್ಲ ಅನ್ಬೇಡಿ. ಅವರ ಮುಂದಿನ ಪುಸ್ತಕಗಳೂ ನಮಗೇ ಬರೋ ಹಾಗಿದೆ. ನೀವು ಸೈಕಲ್ ಹೊಡೀತೀರಿ ಅಂತ ನನಗೇ ಗೊತ್ತಿರಲಿಲ್ಲ ನೋಡಿ, ಎಷ್ಟು ಸಿಂಪಲ್ಲಾಗಿದೀರಿ!"

ಆಗಲಾದರೂ ಬಾಯಿ ಬಿಡಬಹುದಿತ್ತು. ಕೋಣೆಯಲ್ಲಿದ್ದ ಐದು ಜನರೂ ನನ್ನನ್ನು ಹೊಸದಾಗಿ ನೋಡುತ್ತಿದ್ದರು. ಹನ್ನೊಂದು ವರ್ಷದ ನೌಕರಿಯಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ನಾನು ವಿನಯದಿಂದ ತಲೆ ತಗ್ಗಿಸಿದೆ.

ಮನೆಯಲ್ಲಿ ವಿಷಯ ಹೇಳಿದಾಗ ನನ್ನ ಗಂಡ ಮುನಿರಾಜು ಉಣ್ಣುವುದನ್ನು ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆ.ಆರ್. ಪುರದ ಕಡೆಯ ಕಾರ್ಖಾನೆಗೆ ವರ್ಷಗಟ್ಟಲೆ ಸೈಕಲ್ಲಿನಲ್ಲೇ ಹೋಗಿಬಂದವರು ಅವರು. ನಕ್ಕು ಮುಗಿಸಿ, "ಎಷ್ಟ್ ದಿನ ಇದೆ?" ಎಂದರು. ಹತ್ತೊಂಬತ್ತು ಎಂದೆ. "ಆಗುತ್ತೆ ಬಿಡು. ಹುಡುಗೀರು ಎರಡು ದಿನಕ್ಕೆ ಕಲೀತಾರೆ. ನಿನಗೆ ಹತ್ತೊಂಬತ್ತು ಸಾಕು." ಮರುದಿನ ಬೆಳಗಾಗುತ್ತಲೇ ನಾದಿನಿಯ ಮಗಳ ಸೈಕಲ್ಲು ಮನೆಮುಂದೆ ನಿಂತಿತ್ತು. ಚೂಡಿದಾರ ತೊಟ್ಟು ಹೊರಬಂದ ನನ್ನನ್ನು ನಮ್ಮತ್ತೆ ಮೇಲಿಂದ ಕೆಳಗೆ ನೋಡಿ, "ಈ ವಯಸ್ಸಲ್ಲಿ ಸೈಕಲ್ ಕಲ್ತು ಯಾವ ಸ್ಕೂಲಿಗ್ ಹೋಗ್ಬೇಕಮ್ಮಾ?" ಎಂದರು. ಮಾತು ಹಾಗಿದ್ದರೂ, ನಾನು ಮೊದಲ ಸಲ ಬಿದ್ದು ಬಂದ ದಿನ ಮೊಣಕಾಲಿಗೆ ಅರಿಶಿನ ಮೆತ್ತಿದವರೂ ಅವರೇ. "ಇನ್ನೊಂದ್ ಕಾಲು ಖಾಲಿ ಇದೆ, ನಾಳೆಗಿರ್ಲಿ" ಎಂದೂ ಸೇರಿಸಿದರು.

ಕಲಿಕೆ ನಡೆದದ್ದು ಮನೆಯ ಹತ್ತಿರದ ಮೈದಾನದಲ್ಲಿ. ಮುನಿರಾಜು ಕ್ಯಾರಿಯರ್ ಹಿಡಿದು ಹಿಂದೆ ಓಡುವುದು, ನಾನು ಮುಂದೆ ಕಿರುಚುವುದು. "ಕೆಳಗ್ ನೋಡ್ಬೇಡ್ವೇ, ಮುಂದೆ ನೋಡು!" "ಬಿಟ್ಬಿಟ್ರಾ?" "ಇಲ್ಲ, ಹಿಡ್ಕೊಂಡಿದೀನಿ." ಆ ಧ್ವನಿ ದೂರದಿಂದ ಬಂತು ಎಂದು ಹೊಳೆದ ಕೂಡಲೇ ಬೀಳುತ್ತಿದ್ದೆ. ಐವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯ ಟವಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಮತ್ತೆ ಮತ್ತೆ ನನ್ನನ್ನು ಎಬ್ಬಿಸಿ ಕೂರಿಸಿದ್ದನ್ನು ನೆನೆದರೆ ಈಗಲೂ ಮನಸ್ಸು ಕರಗುತ್ತದೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನಾವಿಬ್ಬರೇ ಬೆಳಿಗ್ಗೆ ಒಂದು ಗಂಟೆ ಹೊತ್ತು ಎಲ್ಲಿಗೂ ಹೋಗಿರಲಿಲ್ಲ. ಮುಗಿಸಿ ಬರುವಾಗ ಇಡ್ಲಿ ಅಂಗಡಿಯ ಮುಂದೆ ಸೈಕಲ್ಲಿಗೆ ಒರಗಿ ನಿಂತು ಕಾಫಿ ಕುಡಿಯುತ್ತಿದ್ದೆವು. ಹದಿನೈದನೆಯ ದಿನದ ಹೊತ್ತಿಗೆ ನಾನು ಬೀಳದೆ ಹೋಗುತ್ತಿದ್ದೆ. ಒಂದೇ ತೊಡಕು. ಮೈದಾನವನ್ನು ಒಂದೇ ದಿಕ್ಕಿಗೆ ಸುತ್ತಿ ಸುತ್ತಿ ನನಗೆ ಎಡಕ್ಕೆ ತಿರುಗಲು ಮಾತ್ರ ಬರುತ್ತಿತ್ತು. ಬಲಕ್ಕೆ ತಿರುಗಿಸಿದರೆ ಸೈಕಲ್ಲು ಒಂದು ಕಡೆ, ನಾನೊಂದು ಕಡೆ.

ಆದರೆ ನಾನು ಸುಮ್ಮನೆ ಮೂರು ತಿಂಗಳು ದಾರಿಪುಸ್ತಕ ತಿದ್ದಿದವಳೇ? ಕಾಗದ ಹಿಡಿದು ಕೂತು, ಬರೀ ಎಡ ತಿರುವುಗಳೇ ಇರುವ ದಾರಿಯೊಂದನ್ನು ಬರೆದೆ. ಕುಕ್ ಟೌನಿನ ಆಫೀಸಿನಿಂದ ಹೊರಟು ಹಲಸೂರು ಕೆರೆಯ ಕಡೆ, ಅಲ್ಲಿ ಎಡಕ್ಕೆ ತಿರುಗಿ ಮರ್ಫಿ ಟೌನು, ಮತ್ತೆ ಎಡಕ್ಕೆ ತಿರುಗಿ ರೈಲ್ವೆ ಗೇಟು ದಾಟಿ ಲಿಂಗರಾಜಪುರ, ಮತ್ತೂ ಎಡಕ್ಕೆ ತಿರುಗಿದರೆ ಪುನಃ ಕುಕ್ ಟೌನು. ಮುನಿರಾಜು ಓದಿ, "ದೇವಸ್ಥಾನದ ಪ್ರದಕ್ಷಿಣೆ ಉಲ್ಟಾ ಮಾಡ್ದಂಗಿದೆ" ಎಂದರು.

ಶನಿವಾರ ಬಂತು. ಹಾರ್ಟ್ಲಿಯವರು ಎತ್ತರದ, ತೆಳ್ಳಗಿನ, ಎಪ್ಪತ್ತರ ಹತ್ತಿರದ ಮನುಷ್ಯ. ಬಾಡಿಗೆ ಸೈಕಲ್ಲಿನ ಮೇಲೆ ಹಕ್ಕಿಯ ಹಾಗೆ ಕೂತರು. ಅವರ ಬಾಯಿಂದಲೇ ನನಗೆ ತಿಳಿದದ್ದು, ನನ್ನ ಹೆಸ್ಡಿನ್ ಊರನ್ನು ಅಲ್ಲಿನವರು 'ಎದ್ಯಾಂ' ಎನ್ನುತ್ತಾರೆಂದು. ಮೂರು ತಿಂಗಳು ಇದ್ದ ಊರಿನ ಹೆಸರೇ ನನಗೆ ಗೊತ್ತಿರಲಿಲ್ಲ! ಕೆರೆಯವರೆಗೆ ಎಲ್ಲ ಸುಸೂತ್ರ. ಮರ್ಫಿ ಟೌನಿನಲ್ಲಿ ಹೂ ಮಾರುವ ಹೆಂಗಸು ನಮ್ಮನ್ನು ನೋಡಿ, "ಅಕ್ಕಾ, ಸೂಪರ್‌ಕಾ!" ಎಂದು ಕೂಗಿದಳು. ನನಗೆ ಕೊಂಬು ಬಂತು. ಮುಂದಿನ ತಿರುವಿನಲ್ಲಿ ಎಡಗಡೆಯ ರಸ್ತೆಯನ್ನು ಪೂರ್ತಿ ಅಗೆದು ಕೊಳವೆ ಹಾಕುತ್ತಿದ್ದರು. ಬಲಕ್ಕೆ ಮಾತ್ರ ದಾರಿ.

ನಾನು ಇಳಿದೆ. ಸೈಕಲ್ಲನ್ನು ಎತ್ತಿ ಬಲಕ್ಕೆ ತಿರುಗಿಸಿ ನಿಲ್ಲಿಸಿ ಮತ್ತೆ ಹತ್ತಿದೆ. ಬಳಸು ದಾರಿಯಲ್ಲಿ ಇಂಥದ್ದೇ ಇನ್ನೆರಡು ಬಂದವು. ಮೂರನೆಯ ಸಲ ರಸ್ತೆ ನಡುವೆ ನಿಂತಿದ್ದಾಗ ಹಿಂದಿನ ಆಟೋದವನು, "ಕ್ಯಾ ಮೇಡಮ್, ಹೋಗ್ತೀರೋ, ಇಲ್ಲೇ ಮನೆ ಮಾಡ್ತೀರೋ?" ಎಂದು ಕೇಳಿದ. ಕೊನೆಗೆ ರೈಲ್ವೆ ಗೇಟು ಮುಟ್ಟಿದಾಗ ಅದು ಮುಚ್ಚಿತ್ತು. ಹಾರ್ಟ್ಲಿಯವರು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. "ರತ್ನಮ್ಮನವರೇ, ನೀವು ಎಷ್ಟು ವರ್ಷದಿಂದ ಸವಾರಿ ಮಾಡುತ್ತಿದ್ದೀರಿ?"

ನೇರ ಪ್ರಶ್ನೆ. ಇಲ್ಲಿ ಸುಮ್ಮನಿರಲು ಜಾಗವಿರಲಿಲ್ಲ. ಕಿವಿ ಕೆಂಪಗಾಯಿತು. "ಹತ್ತೊಂಬತ್ತು... ದಿನ" ಎಂದೆ. ಎಲ್ಲವನ್ನೂ ಹೇಳಿದೆ. ಅಣ್ಣನ ಸೈಕಲ್ಲು, ಪಶ್ಚಿಮಕ್ಕೆ ತಿರುಗಿಸಿದ ಕುರ್ಚಿ, ಗಂಡನ ಟವಲು.

ಅವರು ನಗಲಿಲ್ಲ. "ನನ್ನೊಂದಿಗೆ ಒಂದು ಬೆಳಿಗ್ಗೆ ಕಳೆಯುವುದಕ್ಕಾಗಿ ಯಾರೂ ಇಷ್ಟು ಸಲ ಬಿದ್ದಿರಲಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಆರನೆಯ ದಾರಿಯಲ್ಲಿ 'ಹಿತವಾದ ಏರು' ಅಂತ ಬರೆದಿದ್ದೇನಲ್ಲ, ಆ ಗುಡ್ಡವನ್ನು ನಾನು ಒಮ್ಮೆಯೂ ಸೈಕಲ್ಲಿನ ಮೇಲೆ ಕೂತು ಹತ್ತಿಲ್ಲ. ಪ್ರತಿ ಸಲವೂ ತಳ್ಳಿಕೊಂಡೇ ಹೋಗಿದ್ದೇನೆ" ಎಂದರು.

"ಹಾಗಾದ್ರೆ ಅದನ್ನ ತಿದ್ದಬೇಕು ಸಾರ್. ಪುಟ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಆಗ ಅವರು ನಕ್ಕ ನಗೆಗೆ ಗೇಟಿನ ಬಳಿ ನಿಂತಿದ್ದ ಜನರೆಲ್ಲ ತಿರುಗಿ ನೋಡಿದರು. ರೈಲು ಹೋದ ಮೇಲೆ ಇಬ್ಬರೂ ಸೈಕಲ್ ತಳ್ಳಿಕೊಂಡು ಲಿಂಗರಾಜಪುರದವರೆಗೆ ಮಾತಾಡುತ್ತ ನಡೆದೆವು. ನಮ್ಮತ್ತೆ ಅವರಿಗೆ ಕಾಫಿ ಕೊಟ್ಟು, ಕನ್ನಡದಲ್ಲೇ ಒಂದು ಗಂಟೆ ಮಾತಾಡಿಸಿದರು. ಅವರೂ ಸೊಗಸಾಗಿ ತಲೆಯಾಡಿಸಿದರು.

ಪುಸ್ತಕದ ಕೊನೆಯ ಪ್ರೂಫಿನಲ್ಲಿ ಕೃತಜ್ಞತೆಯ ಪುಟವೂ ಬಂತು. ಅದರಲ್ಲಿ ನನ್ನ ಹೆಸರಿತ್ತು. "ಫ್ರಾನ್ಸಿನ ಹಾದಿಗಳನ್ನು ನನಗಿಂತ ಚೆನ್ನಾಗಿ ಬಲ್ಲ ಬೆಂಗಳೂರಿನ ಸವಾರಳಿಗೆ" ಎಂದು. ಆ ಪುಟವನ್ನು ಮೂರು ಸಲ ಓದಿದೆ, ಕಣ್ಣು ಒರೆಸಿಕೊಂಡು ನಾಲ್ಕನೆಯ ಸಲವೂ ಓದಿದೆ, ಮನೆಗೆ ಒಯ್ದು ಮುನಿರಾಜುವಿಗೂ ತೋರಿಸಿದೆ. ಮರುದಿನ 'ತಪ್ಪಿಲ್ಲ, ಅಚ್ಚಿಗೆ ಕಳಿಸಬಹುದು' ಎಂದು ಬರೆದು ಸಹಿ ಹಾಕಿದೆ. ಅಚ್ಚಾದ ಪುಸ್ತಕ ಬಂದ ದಿನ ಜೋಸೆಫ್ ಸಾರ್ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಲು ಹೊರಟು, ನನ್ನ ಹೆಸರಿನ ಹತ್ತಿರ ತಡವರಿಸಿ ನಿಂತರು. ಒಂದು ಇಂಗ್ಲಿಷ್ ಅಕ್ಷರ ತಪ್ಪಾಗಿ ಬಿದ್ದು ನಾನು 'ರತ್ಮಮ್ಮ' ಆಗಿದ್ದೆ. ಆಫೀಸಿನಲ್ಲಿ ಈಗಲೂ ನನ್ನನ್ನು ಹಾಗೆಯೇ ಕರೆಯುತ್ತಾರೆ. ನಾನು ಯಾರನ್ನೂ ತಿದ್ದಲು ಹೋಗುವುದಿಲ್ಲ.