ಗಡಿಯಾಚೆ ಮನಿಗೆ ರೇಟು ಬಂತೇನ್ರಿ?

ದಸ್ತಾವೇಜು ಬರೆಯುವವನ ಮುಂದೆ ನಗೋದಕ್ಕಂತ ಬಂದು ಕೂಡುವವರು ಯಾರೂ ಇಲ್ಲ. ಮನೆ ಒಡೆದವರು, ಹೊಲ ಕಳಕೊಂಡವರು, ಅಣ್ಣನ ಮುಖ ನೋಡಲಾರೆ ಅನ್ನುವ ತಮ್ಮಂದಿರು, ಇವರೇ ಬರುವುದು. ಆದರೂ ಹಳಿಯಾಳದ ಕಚೇರಿ ಕಟ್ಟೆಯ ಮೇಲೆ ನಾನು ಮಸಿಕುಡಿಕೆ ಇಟ್ಟುಕೊಂಡು ಕೂತ ಅಷ್ಟೂ ವರ್ಷ, ವಾರಕ್ಕೊಂದಾದರೂ ನಗುವ ಸಂಗತಿ ನಡೆಯದೆ ಬಿಟ್ಟಿಲ್ಲ. ಆ ಗಳಿಗೆಗೆ ನಕ್ಕುಬಿಡುತ್ತೇವೆ. ಮನೆಗೆ ಹೋಗಿ ಕೈಕಾಲು ತೊಳೆಯುವಾಗ ಯಾಕಾದರೂ ನಕ್ಕೆನೋ ಅನ್ನಿಸುತ್ತದೆ. ದಾಂಡೇಲಿಯ ಬ್ರೆಡ್ಡಿನವನ ಕತೆ ಪೂರಾ ಹಾಗೆಯೇ.

ಅವನು ಗೋವಾದವನು. ಆಗ ಗೋವಾ ಅಂದರೆ ಪರದೇಶ, ಪೋರ್ತುಗೀಜರ ರಾಜ್ಯ. ಕ್ಯಾಸಲ್‌ರಾಕ್ ದಾಟಿದರೆ ಬೇರೆ ಬಾವುಟ, ಬೇರೆ ನಾಣ್ಯ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಏಳುತ್ತಿದ್ದಾಗ, ಕೆಲಸಗಾರರಿಗೆ ಬ್ರೆಡ್ಡು ಸುಟ್ಟು ಮಾರಿ ಆರು ತಿಂಗಳಲ್ಲಿ ತಿರುಗಿ ಹೋಗುತ್ತೇನೆ ಅಂತ ಹೆಂಡತಿಯನ್ನೂ ಕರಕೊಂಡು ಬಂದ. ಅಷ್ಟರಲ್ಲಿ ಗಡಿ ಮುಚ್ಚಿತು. ಮಡಗಾಂವ ಹತ್ತಿರದ ಹಳ್ಳಿಯಲ್ಲಿದ್ದ ಮನೆ ಆಚೆ ಉಳಿಯಿತು, ಗಂಡಹೆಂಡತಿ ಈಚೆ ಉಳಿದರು. ಇಲ್ಲಿ ಇದ್ದದ್ದು ತಗಡಿನ ಒಂದೇ ಖೋಲಿ. ಅರ್ಧದಲ್ಲಿ ಭಟ್ಟಿ, ಅರ್ಧದಲ್ಲಿ ಸಂಸಾರ. ಆ ಹೊಗೆಗೆ ಹೆಂಡತಿಗೆ ದಮ್ಮು ಹತ್ತಿತು. ಅವಳನ್ನು ಎಲ್ಲರೂ ಬಾಯಿ ಅಂತ ಕರೆಯುತ್ತಿದ್ದರು.

ಬಾಯಿಯದು ಒಂದೇ ಮಾತು: "ಆ ಮನಿ ಬಂದಷ್ಟಕ್ಕ ಮಾರಿ ಬಿಡೂಣು. ಇಲ್ಲೇ ಭಟ್ಟಿಯಿಂದ ದೂರ ಎರಡು ಖೋಲಿ ಹಾಕೂಣು. ನನಗ ಉಸರಾಡಾಕ ಜಾಗಾ ಬೇಕು."

ಗಂಡನದೂ ಒಂದೇ ಮಾತು: "ಈಗ ರೇಟು ಬಿದ್ದೈತಿ. ಸ್ವಲ್ಪ ತಡಿ, ಏರತೈತಿ."

೧. ಖಾತ್ರಿ ಸುದ್ದಿ

ಬ್ರೆಡ್ಡು ಮಾರಲು ವಾರಕ್ಕೊಮ್ಮೆ ಅವನು ಹಳಿಯಾಳಕ್ಕೆ ಬರುತ್ತಿದ್ದ. ಬುಟ್ಟಿ ಇಳಿಸಿ ನನ್ನ ಹತ್ತಿರ ಕೂತು, "ಬರೆಯೋರಿಗೆ ಎಲ್ಲಾ ಗೊತ್ತಿರತೈತಿ. ಗೋವಾದಾಗ ಮನಿ ರೇಟು ಚೇತರಿಸಿತೇನ್ರಿ?" ಅಂತ ಕೇಳುವನು. ನಾನು ಗೋವಾ ಕಂಡವನೇ ಅಲ್ಲ. ಹಾಗಂತ ಎಷ್ಟು ಸಲ ಹೇಳುವುದು? ಅವನ ಮುಖ ಜೋಲುವುದನ್ನು ನೋಡಲಾರದೆ ಒಂದು ದಿನ, "ಸ್ವಲ್ಪ ಏರಾಕತ್ತಾವಂತ" ಅಂದುಬಿಟ್ಟೆ. ಅವನು ಎರಡು ಬ್ರೆಡ್ಡು ಬಿಟ್ಟಿಯಾಗಿ ಕೊಟ್ಟು ಹೋದ.

ನಮ್ಮೂರಲ್ಲಿ ಒಬ್ಬ ಪೆನ್ಶನ್ ಮಾಸ್ತರು ಇದ್ದರು. ಗೋವಾ ಇಂದಲ್ಲ ನಾಳೆ ನಮ್ಮದಾಗುತ್ತದೆ, ಅಷ್ಟರೊಳಗೆ ಅಲ್ಲೊಂದು ಮನೆ ಹಿಡಿದಿಡಬೇಕು ಅನ್ನುವುದು ಅವರ ಲೆಕ್ಕ. ಮುಂದಿನ ವಾರ ಅವರು ಬಂದು ನನ್ನ ಕಿವಿಯಲ್ಲಿ, "ಗೋವಾದಾಗ ರೇಟು ಏರಾಕತ್ತಾವು. ಖಾತ್ರಿ ಸುದ್ದಿ" ಅಂದರು.

"ಯಾರು ಹೇಳಿದ್ರು?"

"ಬ್ರೆಡ್ಡಿನವಗ ಯಾರೋ ದೊಡ್ಡ ಮನಶಾ ಹೇಳ್ಯಾನಂತ. ಹೆಸರು ಬಿಡವಲ್ಲ. ಒಳಗಿನ ಸುದ್ದಿ ನೋಡ್ರಿ."

ಸುದ್ದಿ ಹುಟ್ಟಿಸಿದವನು ನಾನು. ಮಾಸ್ತರರು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಅದನ್ನು ಮೊದಲು ನಂಬಿದವನೂ ನಾನೇ.

೨. ಉಬ್ಬಿದ ಮನೆ

ಮಾಸ್ತರರು ವ್ಯಾಪಾರಕ್ಕೆ ತಯಾರಾದರು. ಆದರೆ, "ಕಣ್ಣಿಲೆ ನೋಡದ ಮನಿ ಹೆಂಗ ತಗೊಳ್ಳಲಿ?" ಅಂದರು. ಫೋಟೋ ಇಲ್ಲ, ಹೋಗಿ ನೋಡುವ ಹಾಗಿಲ್ಲ. ಬ್ರೆಡ್ಡಿನವನು ಯೋಚನೆ ಮಾಡಿ, ತನಗೆ ಬರುವ ಒಂದೇ ವಿದ್ಯೆಯಿಂದ ಮನೆ ತೋರಿಸುತ್ತೇನೆ ಅಂತ ನಮ್ಮಿಬ್ಬರನ್ನೂ ದಾಂಡೇಲಿಗೆ ಕರೆಸಿದ. ಬೆಳಿಗ್ಗೆಯೇ ಹಿಟ್ಟು ನಾದಿ ಮನೆ ಮಾಡಿದ್ದ. ಮುಂದೆ ಕೂಡುವ ಕಟ್ಟೆ, ಎರಡು ಕಡೆ ಕಿಡಕಿ, ನಡುವೆ ಬಾಗಿಲು, ಹಿತ್ತಲಿಗೆ ಬಾವಿ. ಬೆರಳ ತುದಿಯಿಂದ ಒಂದೊಂದು ಹಂಚನ್ನೂ ಒತ್ತಿದ್ದ. ಹಾಗೆ ಒತ್ತುವಾಗ ಅವನ ಕಣ್ಣಲ್ಲಿ ನೀರಿತ್ತು ಅಂತ ಬಾಯಿ ಆಮೇಲೆ ಹೇಳಿದಳು.

ಭಟ್ಟಿಯಿಂದ ಹೊರಗೆ ತೆಗೆದಾಗ ಮನೆ ಕುಂಬಳಕಾಯಿ ಆಗಿತ್ತು. ಕಟ್ಟೆ ಗೋಡೆಯೊಳಗೆ ಸೇರಿಹೋಗಿತ್ತು, ಬಾವಿ ಗುಡ್ಡವಾಗಿತ್ತು. ಮಾಸ್ತರರು ಅದನ್ನು ತಿರುವಿ ತಿರುವಿ ನೋಡಿ, "ಇದಕ್ಕ ಬಾಗಲಾ ಎಲ್ಲೈತಿ?" ಅಂದರು.

"ಇತ್ತರಿ. ಭಟ್ಟಿಯೊಳಗ ಮುಚ್ಚಿಕೊಂಡೈತಿ."

ಮೂಲೆಯಲ್ಲಿ ಕೆಮ್ಮುತ್ತ ಕೂತಿದ್ದ ಬಾಯಿ ಅಂದಳು: "ರೇಟು ಉಬ್ಬತೈತಿ, ರೇಟು ಉಬ್ಬತೈತಿ ಅಂತ ಇಷ್ಟು ವರ್ಷ ಕಾದ. ಕಡೀಕ ಮನಿನೇ ಉಬ್ಬಿತು."

ಚಹಾ ಬಂತು. ಮಾಸ್ತರರು ಒಂದು ಮೂಲೆ ಮುರಿದು ಅದ್ದಿಕೊಂಡರು, ಆಮೇಲೆ ಇನ್ನೊಂದು ಮೂಲೆ. ಛಾವಣಿಯೂ ಮುಗಿದ ಮೇಲೆ ಧೋತರದ ಮೇಲಿನ ಪುಡಿ ಝಾಡಿಸಿಕೊಂಡು, "ಮನಿ ಚಲೋ ಐತಿ. ಇನ್ನ ಕಾಗದಪತ್ರ ತೋರಸ್ರಿ" ಅಂದರು.

೩. ಬಿಡಿ ಮಾಲು

ಕಾಗದಪತ್ರ ಗೋವಾದ ಅವರ ಊರಿನ ಪಾದ್ರಿಯ ಹತ್ತಿರ ಇದ್ದವು. ಕುಂಬಾರವಾಡದ ಕಡೆಯ ಒಬ್ಬ ಮನುಷ್ಯ ಕಾಡಿನ ಹಾದಿ ಹಿಡಿದು ಗಡಿ ದಾಟಿ ಸಣ್ಣಪುಟ್ಟ ಸಾಮಾನು ತರುತ್ತಿದ್ದ. ಕಾಗದ ತರಲು ಅವನಿಗೆ ಹೇಳಿದರು. ತಿಂಗಳ ಮೇಲೆ ಅವನು ಬರಿಗೈಯಲ್ಲಿ ಬಂದ.

"ಪಾದ್ರಿ ಕೊಡಲಿಲ್ಲ. ಮಾಲಕರೇ ಬರಬೇಕಂತ."

ಬ್ರೆಡ್ಡಿನವನಿಗೆ ಕಾಗದದ ಚಿಂತೆಗಿಂತ ಬೇರೆಯದೇ ಚಿಂತೆ. "ಅದಿರಲಿ. ರೇಟು ಹೆಂಗೈತಿ?"

"ಇಡೀ ಮನಿ ಯಾರೂ ಕೇಳವಲ್ರು. ಬಿಡಿಬಿಡಿ ಅಂದ್ರ ಭಾರಿ ರೇಟು ಐತಿ. ಬಾಗಲಕ ಒಂದು ರೇಟು, ಕಿಡಕಿಗೆ ಒಂದು, ಹಂಚಿಗೆ ಒಂದು."

ಬ್ರೆಡ್ಡಿನವನ ಮುಖ ಅರಳಿತು. ಬಾಗಿಲ ರೇಟು ಏರಿದ ಮೇಲೆ ಮನೆಯ ರೇಟು ಏರದೆ ಎಲ್ಲಿ ಹೋಗುತ್ತದೆ ಅಂತ ನನಗೆ ವಿವರಿಸತೊಡಗಿದ. ಬಾಯಿ ಮಾತ್ರ ಆ ಮನುಷ್ಯನನ್ನೇ ನೋಡುತ್ತ, "ನಮ್ಮ ಮನಿ ಹಂಚು ಅದಾವೇನಪಾ?" ಅಂತ ಕೇಳಿದಳು.

ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಏನ ಹೇಳಲಿ ಬಾಯಿ, ನಿಮ್ಮ ಹಂಚು ಇದ್ದುವು ನೋಡ್ರಿ, ಅಂಥಾ ಹಂಚು ಆ ಊರಾಗ ಯಾರ ಮನಿಗೂ ಇರಲಿಲ್ಲ."

೪. ಬೇರೆ ಫಾರ್ಮು

ರೇಟು ಏರುವ ತನಕ ಗಂಡ ಕಾಯುವವನೇ ಅಂತ ಕಂಡು, ಹಾಗಾದರೆ ತಾನೇ ಹೋಗಿ ಕಾಗದ ತರುತ್ತೇನೆ ಅಂತ ಬಾಯಿ ಹಟ ಹಿಡಿದಳು. ಗೋವಾಕ್ಕೆ ಹೋಗಲು ಪರ್ಮಿಟ್ ಬೇಕು. ಅರ್ಜಿ ನಾನೇ ಬರೆದೆ. ಪರ್ಮಿಟ್ ಕೊಡುವ ಸಾಹೇಬರು ಹಳಿಯಾಳಕ್ಕೆ ಕ್ಯಾಂಪ್ ಬಂದ ದಿನ ಬಾಯಿ ಬಸ್ಸಿಳಿದು ಬಂದಳು. ಕಚೇರಿಯ ಆರು ಮೆಟ್ಟಿಲು ಹತ್ತಲು ಮೂರು ಕಡೆ ಕೂತಳು.

ಸಾಹೇಬರು ಕೆಟ್ಟವರಲ್ಲ, ಆದರೆ ಫಾರ್ಮಿನ ಆಚೆ ಹೋಗುವವರಲ್ಲ. "ಮನಿ ಕಾಗದ ತರಾಕ ಅಂತ ಪರ್ಮಿಟ್ ಕೊಡಾಕ ಬರಂಗಿಲ್ಲ. ಆ ಕಡೆ ಸಂಬಂಧಿಕರು ಯಾರರ ಸತ್ತಿರಬೇಕು, ಇಲ್ಲಾ ಸಾಯೂವಂಗ ಇರಬೇಕು. ಯಾರರ ಅದಾರೇನು?"

ಬಾಯಿ ಉಸಿರು ಕೂಡಿಸಿಕೊಂಡು ಅಂದಳು: "ನನ್ನವರು ಅಲ್ಲೆ ಎಲ್ಲಾರೂ ಸತ್ತು ಭಾಳ ವರ್ಷ ಆತು ಸಾಹೇಬರ. ಹೊಸದಾಗಿ ಸಾಯಾಕ ಯಾರೂ ಉಳದಿಲ್ಲ. ಈ ಕಡೆ ನಾ ಒಬ್ಬಾಕಿ ಅದೇನಿ. ನಡದೀತೇನು?"

ಸಾಹೇಬರು ಪೆನ್ನು ಕೆಳಗಿಟ್ಟು, ಫಾರ್ಮನ್ನು ಹಿಂದೆ ಮುಂದೆ ತಿರುವಿ ಓದಿದರು. ನಿಜವಾಗಿಯೂ ಹುಡುಕುತ್ತಿದ್ದರು, ಪಾಪ. ಕಡೆಗೆ, "ಇಲ್ಲ ಬಾಯಿ. ಸತ್ತವರನ್ನು ನೋಡಾಕ ಹೋಗೋರಿಗೆ ಈ ಫಾರ್ಮು. ತಾವೇ ಸಾಯಾಕ ಹೋಗೋರಿಗೆ ಬ್ಯಾರೆ ಫಾರ್ಮು ಬೇಕು, ಅದು ಇನ್ನೂ ಛಾಪಿಸಿಲ್ಲ" ಅಂದರು.

ಮೆಟ್ಟಿಲು ಇಳಿಯುವಾಗ ಬಾಯಿ ನಕ್ಕಳು. ನಕ್ಕದ್ದು ಕೆಮ್ಮಾಯಿತು. ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಅವಳು ಹೋದಳು. ಹಳಿಯಾಳದ ಕ್ರೈಸ್ತರ ಮಸಣದಲ್ಲಿ ಮಣ್ಣು ಮಾಡಿದೆವು. ಮಳೆ ಹೊಯ್ಯುತ್ತಿತ್ತು. ಮಾಸ್ತರರು ಛತ್ರಿಯನ್ನು ಬ್ರೆಡ್ಡಿನವನ ತಲೆಯ ಮೇಲೆ ಹಿಡಿದು ತಾವು ತೊಯಿಸಿಕೊಂಡು ನಿಂತಿದ್ದರು.

೫. ಬರ್ರಿ, ಒಳಗ ಬರ್ರಿ

ಅದೇ ವರ್ಷದ ಡಿಸೆಂಬರಿನಲ್ಲಿ ಗೋವಾ ನಮ್ಮದಾಯಿತು. ಹಳಿಯಾಳದಲ್ಲಿ ಪೇಢೆ ಹಂಚಿದರು. ಕಂಡಕಂಡವರೆಲ್ಲ ಬ್ರೆಡ್ಡಿನವನಿಗೆ, "ನಿನ್ನ ನಸೀಬ ತೆರೀತು. ಇನ್ನ ಮನಿ ರೇಟು ಏರಿದ್ದೇ ಏರಿದ್ದು" ಅನ್ನುವರು. ಅವನು ಈಗ ರೇಟು ಕೇಳುವುದನ್ನೇ ಬಿಟ್ಟಿದ್ದ. ಬುಟ್ಟಿ ಇಳಿಸಿ ನನ್ನ ಪಕ್ಕ ಸುಮ್ಮನೆ ಕೂತು ಎದ್ದು ಹೋಗುತ್ತಿದ್ದ. ಒಂದು ದಿನ ತಾನಾಗಿ ಅಂದ: "ಮಾಸ್ತರಿಗೆ ಹೇಳ್ರಿ. ಎಷ್ಟರ ಕೊಡಲಿ, ಮಾರತೇನಿ."

ಚಳಿ ಕಡಿಮೆಯಾದ ಮೇಲೆ ಮೂವರೂ ಅನಮೋಡ ಘಾಟು ಇಳಿದು ಹೋದೆವು. ಮನೆಯ ಮುಂದಿನ ಗೋಡೆ ನಿಂತಿತ್ತು, ಬಾಗಿಲೂ ಇತ್ತು, ಬಾಗಿಲಿಗೆ ಬೀಗವೂ ಇತ್ತು. ಬ್ರೆಡ್ಡಿನವನು ಕೊರಳಿನ ದಾರದಿಂದ ಕೀಲಿ ಬಿಚ್ಚಿದ. ತುಕ್ಕು ಹಿಡಿದ ಬೀಗ ತಿರುಗಲಿಲ್ಲ. ಕೊಬ್ಬರಿ ಎಣ್ಣೆ ತಂದು ಬಿಟ್ಟ, ಕಲ್ಲಿನಿಂದ ಮೆಲ್ಲಗೆ ತಟ್ಟಿದ, ಕಣ್ಣು ಮುಚ್ಚಿ ದೇವರ ಹೆಸರು ಹೇಳಿದ. ನಾನು ಪಕ್ಕದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದೆ. ಅರ್ಧ ತಾಸಾಗಿರಬೇಕು.

ಅಷ್ಟರಲ್ಲಿ ಬಾಗಿಲ ಆ ಕಡೆಯಿಂದ ಮಾಸ್ತರರ ದನಿ ಬಂತು: "ಯಾಕ ಅಲ್ಲೇ ನಿಂತ್ರಿ? ಬರ್ರಿ, ಒಳಗ ಬರ್ರಿ."

ಹಿಂದೆ ಗೋಡೆ ಇರಲಿಲ್ಲ. ಛಾವಣಿ ಇರಲಿಲ್ಲ, ಕಿಡಕಿ ಇರಲಿಲ್ಲ. ನಡುಮನೆಯಲ್ಲಿ ಮಾಸ್ತರರ ಎದೆಯವರೆಗೆ ಹುಲ್ಲು ಬೆಳೆದಿತ್ತು.

೬. ಅರ್ಧ ಪಾಲು

ಆ ಮನೆ ಕಡೆಗೂ ಮಾರಾಟವಾಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದೇ ಕಡೆಯ ಪ್ರಸಂಗ.

ಮಾಸ್ತರರು ದೊಡ್ಡ ಮನಸ್ಸಿನವರು. ಬರಿಯ ಜಾಗಕ್ಕೇ ಮೊದಲು ಆಡಿದ ಮಾತಿನಷ್ಟು ಕೊಡಲು ಒಪ್ಪಿದರು. ಪಾದ್ರಿ ಕಾಗದಪತ್ರ ಕೊಟ್ಟರು. ಮರುದಿನ ಬೆಳಿಗ್ಗೆ ಅಲ್ಲಿಯ ಕಚೇರಿಗೆ ಹೋದೆವು. ಒಬ್ಬ ವಯಸ್ಸಾದ ಗುಮಾಸ್ತರು, ಮೂಗಿನ ತುದಿಯಲ್ಲಿ ಚಾಳೀಸು. ಎಲ್ಲ ಓದಿ ಕೊಂಕಣಿಯಲ್ಲಿ ಮಾತಾಡಿದರು. ಜೋಯಿಡಾ ಕಡೆಯ ಕಕ್ಷಿದಾರರಿಂದ ಕಲಿತ ಕೊಂಕಣಿ ನನಗೆ ಅಲ್ಲಿ ಸಾಕಾಯಿತು.

"ಇನ್ನೊಂದು ಸಹಿ ಬೇಕು. ನಿಮ್ಮ ಹೆಂಡತಿಯದು."

"ಆಕಿದ್ಯಾಕ? ಮನಿ ನಂದು."

"ನಮ್ಮ ಕಡೆ ಕಾಯದೆ ಇನ್ನೂ ಪೋರ್ತುಗೀಜರ ಕಾಲದ್ದೇ ಐತಿ. ಮನಿಯೊಳಗ ಅರ್ಧ ಆಕಿದು. ಆಕಿ ಹ್ಞೂಂ ಅನ್ನದ ಮಾರಾಕ ಬರಂಗಿಲ್ಲ."

ಬ್ರೆಡ್ಡಿನವನು ಮೇಜಿನ ಮೇಲಿನ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡ. "ಅರ್ಧ ಆಕಿದು? ಯಾವಾಗಿಂದ?"

"ಲಗ್ನ ಆದ ದಿನದಿಂದ. ನಿಮಗ ಗೊತ್ತಿರಲಿಲ್ಲೇನು?" ಗುಮಾಸ್ತರು ಚಾಳೀಸು ಏರಿಸಿ ಅವನನ್ನು ನೋಡಿದರು. "ಎಲ್ಲೆ ಅದಾರ ಅವರು?"

"ಹಳಿಯಾಳದಾಗ."

"ಕರಕೊಂಡು ಬರ್ರಿ ಮತ್ತ."

"ಬರಂಗಿಲ್ಲರಿ."

ಸತ್ತಿದ್ದಾಳೆ ಅಂತ ಒಂದು ದಾಖಲೆ ತಂದರೆ ಕೆಲಸ ಮುಗಿಯುತ್ತಿತ್ತು. ಹೇಳಲು ನಾನು ಮುಂದಾದೆ. ಅವನು ಮೇಜಿನ ಕೆಳಗೆ ನನ್ನ ಕೈ ಹಿಡಿದು ಒತ್ತಿದ. ಮಾಸ್ತರರು ಕಿಡಕಿಯ ಕಡೆ ಮುಖ ತಿರುಗಿಸಿದರು.

"ಯಾಕ ಬರಂಗಿಲ್ಲ? ಸಿಟ್ಟಾಗ್ಯಾರೇನು?"

"ಹೌದ್ರಿ," ಅಂದ ಬ್ರೆಡ್ಡಿನವನು. "ಮಳಿಗಾಲದಿಂದ ನನ್ನ ಕೂಡ ಮಾತಾಡಿಲ್ಲ."

ಗುಮಾಸ್ತರ ಮುಖ ಮೆತ್ತಗಾಯಿತು. ಅವರೂ ಸಂಸಾರಸ್ಥರು. ಸುತ್ತ ಯಾರಾದರೂ ಕೇಳಿಸಿಕೊಂಡಾರು ಅಂತ ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿ, "ಮನಿ ಮಾರೂದಂದ್ರ ಎಲ್ಲಾ ಕಡೆ ಇದೇ ಹಾಡು. ನೀವೇನೂ ಮನಸಿಗೆ ಹಚ್ಚಿಕೋಬ್ಯಾಡ್ರಿ. ಸ್ವಲ್ಪ ದಿನ ತಡೀರಿ, ರೇಟು ಏರಲಿ. ತಾವಾಗೇ ಎದ್ದು ಬರ್ತಾರ" ಅಂದರು.

ಬ್ರೆಡ್ಡಿನವನು ಕಾಗದಗಳನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಎದ್ದು, ಅವರಿಗೆ ಕೈ ಮುಗಿದ.

"ನಾನೂ ಆಕಿಗೆ ಅದನ್ನೇ ಹೇಳಕೋತ ಬಂದೇನ್ರಿ."