ಸರ್ಕಾರದ ಜಿಂಕೆ

ಜಿಂಕೆ ಬೀಳಲಿಲ್ಲ. ಎಲ್ಲ ಅನರ್ಥಕ್ಕೂ ಅದೇ ಮೂಲವಾಯಿತು.

ಬೇಟೆಯ ಋತುವಿನ ಮೊದಲ ಬೆಳಗ್ಗೆ, ಶಾಲಾ ಬಸ್ಸಿನ ಚಾಲಕ ರೈನೊ ಕಾಂಗಸ್ ಊರಾಚೆಯ ರಸ್ತೆಯ ಅಂಚಿನಲ್ಲಿ ನಿಂತು, ಅಪ್ಪ ಬಿಟ್ಟುಹೋದ ಬಂದೂಕಿನಿಂದ ಕಾಡಿನೊಳಗಿದ್ದ ಜಿಂಕೆಗೆ ಗುಂಡು ಹಾರಿಸಿದನು. ರಸ್ತೆಯಿಂದ ಹೊಡೆಯುವುದು ಅಪರಾಧವೆಂದು ಅವನಿಗೆ ಗೊತ್ತಿತ್ತು. ಆದರೆ ಜಿಂಕೆಯೊಂದು ಅವನಿಗಾಗಿ ಕಾದು ನಿಂತದ್ದು ಬದುಕಿನಲ್ಲಿ ಅದೇ ಮೊದಲು. ಗುಂಡು ತಗುಲಿತು. ಜಿಂಕೆ ಸಾವಕಾಶವಾಗಿ ಕತ್ತು ತಿರುಗಿಸಿ, ಪಾಠದ ನಡುವೆ ಕೆಮ್ಮಿದ ಹುಡುಗನನ್ನು ಮೇಷ್ಟ್ರು ನೋಡುವಂತೆ ಅವನನ್ನು ನೋಡಿ, ಬಾಲ ಅಲ್ಲಾಡಿಸಿತು.

ಹತ್ತಿರ ಹೋಗಿ ನೋಡಿದರೆ ಅದು ಫೋಮಿನ ಗೊಂಬೆ. ರಸ್ತೆಯಿಂದ ಹೊಡೆಯುವವರನ್ನು ಹಿಡಿಯಲೆಂದೇ ನಿಲ್ಲಿಸಿದ್ದು. ಹೊಟ್ಟೆಯೊಳಗೆ ಮೋಟಾರು ಗುಂಯ್‌ಗುಡುತ್ತಿತ್ತು. ಪಕ್ಕೆಯ ಮೇಲೆ ‘ಸರ್ಕಾರದ ಆಸ್ತಿ’ ಎಂದು ಬರೆದಿತ್ತು. ಯಾವ ಸರ್ಕಾರವೆಂದು ಹೇಳುವ ಪದವಿದ್ದ ಜಾಗದಲ್ಲಿ ಗುಂಡಿನ ತೂತು. ಸುತ್ತ ಕಾವಲಿನವರು ಯಾರೂ ಕಾಣಲಿಲ್ಲ. ರೈನೊ ಓಡಿದನು.

ಓಡಿದವನು ಮನೆಗೆ ಹೋಗಿದ್ದರೆ ಕತೆ ಮುಗಿಯುತ್ತಿತ್ತು. ಅವನು ಆರ್ಡಿಸ್ ಟೆರ್ವೊಳ ಹೋಟೆಲಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದನು.

“ರಾಜ್ಯದ ಜಿಂಕೆ ಆಗಿದ್ರೆ ಚಿಂತೆ ಇಲ್ಲ ಬಿಡು,” ಎಂದಳು ಆರ್ಡಿಸ್, ಮಾಂಸ ಆಲೂಗಡ್ಡೆ ತುಂಬಿದ ಬಿಸಿ ಪ್ಯಾಸ್ಟಿಯನ್ನು ಅವನ ಮುಂದಿಟ್ಟು. “ನಮ್ಮ ಜಡ್ಜು ಬೈತಾರೆ, ದಂಡ ಹಾಕ್ತಾರೆ, ಬಂದೂಕು ವಾಪಸ್ ಕೊಡ್ತಾರೆ. ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ್ದು ಆದ್ರೆ ಮಾತ್ರ ಕಷ್ಟ.”

“ಕಷ್ಟ ಅಂದ್ರೆ?”

“ದೂರದ ಪಟ್ಟಣದ ಫೆಡರಲ್ ಕೋರ್ಟಿಗೆ ಹೋಗ್ಬೇಕು. ಅಲ್ಲಿ ನಿನ್ನ ಯಾರು ಬಲ್ಲರು? ಅಪ್ಪನ ಬಂದೂಕಿಗೆ ಕೈ ಮುಗಿದು ಬಾ.”

ಬಂದೂಕಿನ ಮಾತು ಬಂದೊಡನೆ ರೈನೊ ಗೋಡೆಗೆ ಒರಗಿಸಿದ್ದ ಅದನ್ನು ತನ್ನ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡನು. ಅಪ್ಪನದೆಂದು ಅವನಲ್ಲಿ ಉಳಿದಿದ್ದುದು ಅದೊಂದೇ.

ಮುದುಕ ಪೆಲ್ಕೊಲಾ ಕುರ್ಚಿಯನ್ನು ಎಳೆದು ಹತ್ತಿರ ತಂದನು. ಹಿಂದೊಮ್ಮೆ ಕೋರ್ಟಿನ ಜ್ಯೂರಿಯಲ್ಲಿ ಕುಳಿತು ಬಂದಾಗಿನಿಂದ ಊರಿಗೆಲ್ಲ ಅವನೇ ವಕೀಲ. “ಕೇಳಿಲ್ಲಿ ಮಾರಾಯ. ಒಂದು ತಪ್ಪಿಗೆ ಎರಡು ಸಲ ಶಿಕ್ಷೆ ಇಲ್ಲ. ಸಂವಿಧಾನದಲ್ಲೇ ಇದೆ. ಫೆಡರಲ್‌ನವರು ಬರೋದ್ರೊಳಗೆ ರಾಜ್ಯದವರ ಹತ್ರ ಒಪ್ಕೊಂಡ್ಬಿಡು. ಅವರ ಕೈ ಕಟ್ಟಿಹೋಗುತ್ತೆ.”

ಅಷ್ಟರಲ್ಲಿ ಬಾಗಿಲು ತೆರೆದು ರಾಜ್ಯದ ಬೇಟೆ ವಾರ್ಡನ್ ಬಾನಿ ಲಕಾಸ್ ಒಳಗೆ ಬಂದಳು. ಜೊತೆಗೊಬ್ಬ ಅಪರಿಚಿತ. ಆ ದಿನ ಪಾದ್ರಿಯೂ ಸೇರಿದಂತೆ ಊರೆಲ್ಲ ಬೇಟೆಗಾರರ ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿತ್ತು. ಅವನೂ ಹಾಗೆಯೇ ಇದ್ದುದರಿಂದ ಯಾರೂ ಅವನನ್ನು ಗಮನಿಸಲಿಲ್ಲ.

“ಬಾನಿ, ಆ ಜಿಂಕೆಗೆ ಹೊಡೆದದ್ದು ನಾನೇ. ಬೇಗ ಕೇಸು ಹಾಕಿ,” ಎಂದನು ರೈನೊ.

ಬಾನಿ ಕೈಗವಸು ಕಳಚುವುದನ್ನು ನಿಲ್ಲಿಸಿದಳು. “ಎಲ್ಲಿ ನಿಂತು ಹೊಡೆದೆ? ಕಾಡಿನೊಳಗೆ ನಿಂತಿದ್ರೆ ನನ್ನ ಕೇಸೇ ಅಲ್ಲ.”

ರಾಜ್ಯದ ಕೇಸು ಕೈತಪ್ಪುತ್ತಿದೆ ಎಂದು ರೈನೊ ಗಾಬರಿಯಾದನು. ಮೇಜಿನ ಮೇಲೆ ಚಾಕುವನ್ನು ಅಡ್ಡಲಾಗಿಟ್ಟು, “ಇದು ರಸ್ತೆ,” ಎಂದನು. ಕೆಚಪ್ ಬಾಟಲಿಯನ್ನು ಅದರ ಮೇಲೆ ನಿಲ್ಲಿಸಿ, “ಇದು ನಾನು. ಎರಡೂ ಕಾಲು ರಸ್ತೆ ಮೇಲೆ,” ಎಂದನು.

“ಜಿಂಕೆ?” ಎಂದನು ಅಪರಿಚಿತ, ಪ್ಯಾಸ್ಟಿ ಮುರಿಯುತ್ತಾ.

ರೈನೊ ಸಾಸಿವೆ ಬಾಟಲಿಯನ್ನು ದೂರ ಇಟ್ಟನು.

“ರಾಷ್ಟ್ರೀಯ ಅರಣ್ಯದ ಗಡಿಕಂಬದ ಆಚೆಗಾ, ಈಚೆಗಾ?”

“ಆಚೆಗೆ. ಅದರಿಂದ ಏನಾಗ್ಬೇಕು ಸ್ವಾಮಿ? ಅಪರಾಧ ಮಾಡಿದ್ದು ಜಿಂಕೆ ಅಲ್ಲ, ನಾನು.”

“ಭೇಷ್,” ಎಂದನು ಪೆಲ್ಕೊಲಾ.

ಬಾನಿ ರಸ್ತೆಯಿಂದ ಗುಂಡು ಹಾರಿಸಿದ ಆರೋಪವನ್ನು ಬರೆದು ಹಾಳೆ ಹರಿದುಕೊಟ್ಟಳು. ರೈನೊ ಅದನ್ನು ಮದುವೆಯ ಕರೆಯೋಲೆಯಂತೆ ಎರಡೂ ಕೈಯಿಂದ ತೆಗೆದುಕೊಂಡನು.

ಅಪರಿಚಿತನು ಬಾಯಿ ಒರೆಸಿಕೊಂಡು ಕಿತ್ತಳೆ ಜಾಕೆಟ್ಟಿನ ಗುಂಡಿ ಬಿಚ್ಚಿದನು. ಒಳಗೆ ಫೆಡರಲ್ ಅರಣ್ಯಾಧಿಕಾರಿಯ ಬಿಲ್ಲೆ ಇತ್ತು. “ನನ್ನ ಹೆಸರು ಗ್ರೀರ್. ಕಾಲು ರಾಜ್ಯದ ರಸ್ತೆ ಮೇಲಿತ್ತು, ಸರಿ. ಗುಂಡು ನಮ್ಮ ಕಾಡಿಗೆ ಬಂತು. ಜಿಂಕೆ ನಮ್ಮದು. ಫೆಡರಲ್ ಆಸ್ತಿ ಹಾಳುಮಾಡಿದ್ದಕ್ಕೆ ನನ್ನದೊಂದು ಕೇಸು.”

“ಒಂದು ತಪ್ಪಿಗೆ ಎರಡು ಶಿಕ್ಷೆ ಇಲ್ಲ,” ಎಂದನು ಪೆಲ್ಕೊಲಾ, ಸ್ವಲ್ಪ ಮೆಲ್ಲಗೆ.

“ಒಂದೇ ಸರ್ಕಾರ ಎರಡು ಸಲ ಕೊಡೋ ಹಾಗಿಲ್ಲ, ಅಜ್ಜ. ಇಲ್ಲಿ ಸರ್ಕಾರಗಳು ಎರಡು, ಕಾನೂನೂ ಎರಡು. ಅವರವರ ಲೆಕ್ಕ ಅವರವರಿಗೆ.”

ಪೆಲ್ಕೊಲಾ ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಎಳೆದುಕೊಂಡನು.

ಬಂದೂಕಿಗೆ ಬಾನಿ ಒಂದು ಚೀಟಿ ಕಟ್ಟಿದಳು, ಗ್ರೀರ್ ಇನ್ನೊಂದು ಕಟ್ಟಿದನು. ಮೊದಲು ಯಾರು ಒಯ್ಯಬೇಕೆಂಬ ಬಗ್ಗೆ ಇಬ್ಬರೂ ಬಹಳ ಮರ್ಯಾದೆಯಿಂದ ಚರ್ಚಿಸಿದರು.

“ನೀವು ಹೇಗಿದ್ರೂ ನನ್ನ ಹುಡುಕ್ಕೊಂಡು ಬಂದವರೇ ತಾನೆ?” ಎಂದು ರೈನೊ ಕೇಳಿದನು.

“ಪ್ಯಾಸ್ಟಿಗೆ ಬಂದ್ವಿ,” ಎಂದಳು ಬಾನಿ. “ನಾವು ಕಾಫಿ ತರಕ್ಕೆ ಹೋದಾಗ ಯಾರೋ ಹೊಡೆದು ಹೋಗಿದ್ರು. ಯಾರು ಅಂತ ಗೊತ್ತಾಗೋ ಹಾಗಿರಲಿಲ್ಲ. ಕೈಬಿಡೋಣ ಅಂತ ದಾರೀಲಿ ಮಾತಾಡ್ಕೊಂಡೇ ಬಂದದ್ದು.”

“ಆ ಜಿಂಕೆ ಕತ್ತು ತಿರುಗಿಸುತ್ತೆ, ಬಾಲ ಅಲ್ಲಾಡಿಸುತ್ತೆ,” ಎಂದನು ಗ್ರೀರ್. “ಸಾಕ್ಷಿ ಹೇಳೋದು ಮಾತ್ರ ಅದಕ್ಕೆ ಬರಲ್ಲ.”

ರೈನೊ ಕೆಚಪ್ ಬಾಟಲಿಯನ್ನು ರಸ್ತೆಯಿಂದ ತೆಗೆದು ಅದರ ಜಾಗದಲ್ಲಿಟ್ಟನು.